ಖೈಬರನಿಗೆ ಕೊಡಬೇಕಿದ್ದ ಕೋವಿ

ಕೋವಿಯ ಬೋಲ್ಟಿನೊಳಗಿನ ಸ್ಪ್ರಿಂಗನ್ನು ಅದುಮಿ ಹಿಡಿದು ಗುಲಂದಾಮ್ ಹಿಂಬದಿಯ ತಿರುಪನ್ನು ಕೂರಿಸುತ್ತಿದ್ದಾಗ ಮೈದುನ ನುಸ್ರತ್ ಬಾಗಿಲ ಪರದೆ ಸರಿಸಿದ. ಅಂಗಳದಲ್ಲಿ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ಅವಳ ಗಂಡ ಗೂದರ್ಜನಿಗೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರು.

"ಅತ್ತಿಗೆ, ಇದೇನ್ ಮಾಡ್ತಾ ಕೂತಿದ್ದೀಯ? ಗಂಡ ಸತ್ತೋಳು ಕೂದಲು ಬಿಚ್ಚಿ ಅಳೋದು ಬಿಟ್ಟು ಕೈಗೆ ಎಣ್ಣೆ ಬಳ್ಕೊಂಡು ಕೂತ್ರೆ ಜನ ಏನಂತಾರೆ?"

"ಅಳೋಕೆ ಬೇಕಾದಷ್ಟು ದಿನ ಇದೆ. ಇದಕ್ಕೆ ನಮಾಜಿನ ಹೊತ್ತಿನವರೆಗೂ ಮಾತ್ರ ಸಮಯ."

ಹಿಂದಿನ ದಿನ ಗೂದರ್ಜ್ ಚಹಾ ಕುಡಿದು ಕಂಬಳಿಯ ಮೇಲೆ ಕೋವಿಯನ್ನು ಬಿಚ್ಚಿ ಹರಡಿದ್ದ. ಆ ಕಣಿವೆಯವರೆಲ್ಲ ಬರ್ನೋ ಎಂದು ಕರೆಯುವ, ಬೋಲ್ಟು ಎಳೆದು ಹೊಡೆಯುವ ಹಳೆಯ ಬೇಟೆಕೋವಿ. ಸ್ವಲ್ಪ ಕಣ್ಣು ಮುಚ್ಚುತ್ತೇನೆ ಎಂದು ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ಕಣಿವೆಯ ರೂಢಿಯಂತೆ ಸತ್ತ ಗಂಡಸಿನ ಕೋವಿಯನ್ನು ಕರಿಬಟ್ಟೆ ಹೊದಿಸಿದ ಕುದುರೆಯ ಮೇಲೆ ಕಟ್ಟಿ ಗೋರಿಯವರೆಗೂ ಒಯ್ಯಬೇಕು, ಅಲ್ಲಿ ಅದರಿಂದಲೇ ಗುಂಡು ಹಾರಿಸಬೇಕು. ಆ ಕೋವಿ ಈಗ ಹದಿನಾರು ಚೂರಾಗಿ ಬಿದ್ದಿತ್ತು.

"ನನ್ನ ಕೋವೀನೇ ಕುದುರೆಗೆ ಕಟ್ಟೋಣ ಬಿಡು," ಎಂದ ನುಸ್ರತ್. "ಯಾರು ಗುರುತು ಹಿಡೀತಾರೆ?"

"ನಿನ್ನ ಕೋವಿ ಕುದುರೆ ಏರೋ ದಿನವೂ ಬರುತ್ತೆ ನುಸ್ರತ್. ಅವಸರ ಯಾಕೆ?"

ಬಾಗಿಲ ಬಳಿ ಅಳುತ್ತಿದ್ದ ಮುದುಕಿ ಸಿತಾರೆ ಸೆರಗಿನೊಳಗೆ ನಕ್ಕಳು. ನುಸ್ರತ್ ಪರದೆ ಬಿಟ್ಟು ಹೊರಟುಹೋದ.

*

ಮದುವೆಯ ದಿನ ಗೋಡೆಯ ಮೇಲಿಟ್ಟ ಸಕ್ಕರೆ ಗಟ್ಟಿಗೆ ಮದುಮಗ ಗುಂಡು ಹೊಡೆಯಬೇಕಿತ್ತು. ಗೂದರ್ಜ್ ಹೊಡೆದ, ಹೊಡೆದ, ಮತ್ತೆ ಹೊಡೆದ. ಗೋಡೆ ಉದುರಿತೇ ಹೊರತು ಸಕ್ಕರೆ ಅಲುಗಲಿಲ್ಲ. ಗುಲಂದಾಮಳ ಅಣ್ಣಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಸುಕಿನೊಳಗೆ ಅವಳಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಎದ್ದು ನೋಡಿದರೆ ಅವಳ ತಂದೆಯಿಂದ ಎರವಲು ತಂದ ಆ ಕೋವಿಯನ್ನು ಬಿಚ್ಚಿ ಗಂಡ ಹಾಸಿಗೆಯ ತುದಿಯಲ್ಲಿ ಹರಡಿಕೊಂಡಿದ್ದ.

"ಕೋವಿ ಕೆಟ್ಟಿತ್ತಾ?" ಎಂದು ಕೇಳಿದಳು. ಅದು ಅವಳು ಅವನಿಗೆ ಆಡಿದ ಮೊದಲ ಮಾತು.

"ಇಲ್ಲ, ಕೋವಿ ಸರಿಯಾಗೇ ಇದೆ. ಕೆಟ್ಟಿರೋದು ನನ್ನ ಕಣ್ಣು. ಒಳಗೆ ಹೇಗಿದೆ ನೋಡೋಣ ಅನ್ನಿಸ್ತು ಅಷ್ಟೇ. ಬಾ, ಈ ಸ್ಪ್ರಿಂಗ್ ಹಿಡ್ಕೋ."

ಅಂದು ಹಿಡಿದುಕೊಂಡವಳು ಮತ್ತೆ ಬಿಡಲಿಲ್ಲ. ಕಣಿವೆಯ ಬೇಟೆಗಾರರೆಲ್ಲ ಎಡಕ್ಕೆ ಹೊಡೆಯುವ, ಬಲಕ್ಕೆ ಎಳೆಯುವ ತಮ್ಮ ಕೋವಿಗಳನ್ನು ಅವನಲ್ಲಿಗೆ ಹೊತ್ತು ತಂದರು; ಸರಿಮಾಡಿಸಿಕೊಂಡು ಹೋಗಿ ಕಾಡುಮೇಕೆಗಳನ್ನು ಉರುಳಿಸಿದರು. ಊರಿನ ಮನೆಮನೆಯ ಬಾಗಿಲ ಮೇಲೂ ಕೊಂಬುಗಳಿದ್ದವು. ಗೂದರ್ಜನ ಬಾಗಿಲ ಮೇಲೆ ಮಾತ್ರ ಈರುಳ್ಳಿ ಗೊಂಚಲು ತೂಗುತ್ತಿತ್ತು. ಯಾರಾದರೂ ಕೆಣಕಿದರೆ, "ಕೊಂಬು ಬೇಯಿಸಿ ತಿನ್ನೋಕಾಗುತ್ತಾ?" ಎನ್ನುತ್ತಿದ್ದ.

*

ಅಂಗಳದ ಅಳು ತಟ್ಟನೆ ತಗ್ಗಿತು. ಬಾಗಿಲಲ್ಲಿ ಬಂದು ನಿಂತವನು ಖೈಬರ್, ಕಣಿವೆಯಲ್ಲೇ ಹೆಸರಾಂತ ಬೇಟೆಗಾರ, ಒಂದು ಕಾಲದಲ್ಲಿ ಗೂದರ್ಜನ ಗೆಳೆಯ. ವರ್ಷಗಳಿಂದ ಅವನು ಈ ಹೊಸ್ತಿಲು ತುಳಿದಿರಲಿಲ್ಲ. ಬೆಳಿಗ್ಗೆ ಗುಲಂದಾಮಳೇ ಅವನಿಗೆ ಹೇಳಿಕಳಿಸಿದ್ದಳು.

"ಒಳಗೆ ಬಾ ಅಣ್ಣ. ನಳಿಕೆ ಹಿಡ್ಕೋ, ಕೆಲಸ ಇದೆ."

ಅವನು ಕೂತು ನಳಿಕೆ ಹಿಡಿದ. ಅವಳು ನಳಿಕೆಯ ಅಡಿಗೆ ದೀಪದ ಮಸಿ ಸವರಿ, ಹೊಸ ಆಕ್ರೋಟು ಮರದ ಹಿಡಿಯೊಳಗೆ ಕೂರಿಸಿ, ಮತ್ತೆ ಎತ್ತಿಸಿದಳು. ಮರಕ್ಕೆ ಮಸಿ ಅಂಟಿದ ಕಡೆಯೆಲ್ಲ, ಅದು ನಳಿಕೆಗೆ ತಾಗದಂತೆ, ಸಣ್ಣ ಉಳಿಯಿಂದ ಉಗುರಿನ ಸಿಪ್ಪೆಯಷ್ಟು ತೆಳ್ಳಗೆ ಹೆರೆದಳು.

"ಹಳೇ ಮರ ಏನಾಯ್ತು?" ಎಂದು ಖೈಬರ್ ಕೇಳಿದ.

"ಎಷ್ಟು ಬೆಸೆದ್ರೂ ನಿಲ್ಲಲಿಲ್ಲ. ಚಳಿಗಾಲವೆಲ್ಲ ಕೂತು ಇದನ್ನ ಕೆತ್ತಿದ."

*

ಹಳೆಯ ಮರ ಸೀಳಿದ್ದು ಝರ್ದ್ ಕೂಹ್ ಬೆಟ್ಟದ ಜಾರುಕಲ್ಲುಗಳ ಮೇಲೆ. ಗೂದರ್ಜ್ ಕಾಲು ತಪ್ಪಿ ಕಮರಿಯ ಅಂಚಿಗೆ ಜಾರಿದಾಗ ಖೈಬರ್ ಮಲಗಿಕೊಂಡು, ತಾನು ಹೊತ್ತಿದ್ದ ಗೂದರ್ಜನ ಅದೇ ಬರ್ನೋವನ್ನು ಕೆಳಕ್ಕೆ ಚಾಚಿ ಅವನನ್ನು ಮೇಲಕ್ಕೆ ಎಳೆದುಕೊಂಡಿದ್ದ. ಮೇಲೆ ಬಂದ ಗೂದರ್ಜನ ಬಾಯಿಂದ ಹೊರಟ ಮೊದಲ ಮಾತು, "ಅಯ್ಯೋ, ಮರ ಸೀಳಿಬಿಟ್ಟೆಯಲ್ಲೋ."

ಖೈಬರ್ ಎದ್ದು, ಬಟ್ಟೆ ಕೊಡವಿಕೊಂಡು, ಒಬ್ಬನೇ ಬೆಟ್ಟ ಇಳಿದುಹೋಗಿದ್ದ.

*

"ಬಾಯಿ ತಪ್ಪಿ ಬಂದದ್ದು ಅಂತ ನನಗೂ ಗೊತ್ತಿತ್ತು," ಎಂದ ಖೈಬರ್, ನಳಿಕೆಯನ್ನು ನೋಡುತ್ತ. "ಅವನು ಒಂದು ಸಲ ಬಂದು ಅದನ್ನ ಹೇಳಬಹುದಿತ್ತು."

"ಹೇಳಬಹುದಿತ್ತು. ನಾನೂ ಬೈದೆ. ಬರಿಗೈಲಿ ಹೇಗೆ ಹೋಗಲಿ ಅಂತಿದ್ದ. ಇದು ನೆಟ್ಟಗೆ ಹೊಡೆಯೋ ದಿನ ಖೈಬರನ ಕೈಗೆ ಕೊಟ್ಟು ಬರ್ತೀನಿ ಅಂತಿದ್ದ."

ಖೈಬರ್ ಮೀಸೆಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡ.

ಅವಳು ಮುಂದಿನ ತಿರುಪನ್ನು ಬಿಗಿದು, ಆಮೇಲೆ ಹಿಂದಿನದನ್ನು ಬಿಗಿದು, ನಳಿಕೆಗೂ ಮರಕ್ಕೂ ನಡುವೆ ಒಂದು ಕಾಗದದ ಚೂರು ತೂರಿಸಿ ಎಳೆದಳು. ಅದು ಎಲ್ಲೂ ಸಿಕ್ಕಿಕೊಳ್ಳದೆ ಉದ್ದಕ್ಕೂ ಜಾರಿತು. ಬೋಲ್ಟು ಹಾಕಿ ಎಳೆದು ಮುಚ್ಚಿದಳು. ಆ ಸದ್ದು ಕೇಳಿ, "ಸರಿ, ಹೊರಡೋಣ," ಎಂದಳು.

ಡೋಲು, ಕಹಳೆ ಮುಂದೆ; ಅದರ ಹಿಂದೆ ಕುದುರೆ; ಕುದುರೆಯ ಬೆನ್ನ ಮೇಲೆ ಬರ್ನೋ. ಮಣ್ಣು ಮುಚ್ಚಿದ ಮೇಲೆ ಅವಳು ಕೋವಿಯನ್ನು ಕುದುರೆಯಿಂದ ಬಿಚ್ಚಿ ಖೈಬರನ ಕೈಗಿತ್ತಳು.

"ಆಕಾಶಕ್ಕೆ ಒಂದು ಹೊಡೆದು ಮುಗಿಸಿ," ಎಂದ ನುಸ್ರತ್.

"ಆಕಾಶಕ್ಕೆ ಹೊಡೆದ್ರೆ ಯಾರ ಗುರಿಯೂ ತಪ್ಪಲ್ಲ," ಎಂದಳು ಗುಲಂದಾಮ್. "ಹಳ್ಳದ ಆಚೆ ಆ ಬಿಳಿ ಕಲ್ಲು ಕಾಣ್ತಿದೆಯಾ ಅಣ್ಣ? ಅದಕ್ಕೆ."

ಖೈಬರ್ ಮೊಣಕಾಲೂರಿ ಉಸಿರು ಬಿಗಿಹಿಡಿದ. ಗುಂಡು ಹಾರಿತು. ಕಲ್ಲಿನ ಎಡಕ್ಕೆ, ಒಂದು ಗೇಣು ದೂರದಲ್ಲಿ, ಧೂಳೆದ್ದಿತು.

ಗುಂಪಿನಲ್ಲಿ ಯಾರೋ, "ಗೂದರ್ಜ್ ಸತ್ತಮೇಲೂ ಗುರಿ ತಪ್ಪಿದ ನೋಡ್ರಪ್ಪ," ಎಂದರು. ಒಂದಿಬ್ಬರು ನಕ್ಕರು.

"ತಪ್ಪಿದ್ದು ನಾನು," ಎಂದ ಖೈಬರ್ ಗಡುಸಾಗಿ.

"ನೀನೂ ಅಲ್ಲ, ಅವನೂ ಅಲ್ಲ. ಹೊಸ ಮರದಲ್ಲಿ ನಳಿಕೆ ಮೊದಲ ಸಲ ಬಾಯಿಬಿಟ್ಟಿದೆ, ಅಷ್ಟೇ. ಕೊಡಿಲ್ಲಿ."

ಅವಳು ಹಸಿ ಮಣ್ಣಿನ ಪಕ್ಕ ಕೂತು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಸೊಂಟದ ಚೀಲದಿಂದ ಹಿತ್ತಾಳೆಯ ಮೊಳೆ, ಸಣ್ಣ ಸುತ್ತಿಗೆ ತೆಗೆದಳು. ನಳಿಕೆಯ ತುದಿಯಲ್ಲಿ ಗುರಿ ಹಿಡಿಯುವ ಸಣ್ಣ ಮುಳ್ಳನ್ನು ಗುಂಡು ಹೋದ ದಿಕ್ಕಿಗೇ, ಎಡಕ್ಕೆ, ಒಮ್ಮೆ ತಟ್ಟಿದಳು. ಕಣ್ಣಿಗೆ ಹಿಡಿದು ನೋಡಿ ಇನ್ನೊಮ್ಮೆ, ಮೆಲ್ಲಗೆ. ಡೋಲಿನವನು ಕೈ ತಡೆದು ನಿಂತಿದ್ದ.

"ಈಗ ಹೊಡಿ."

ಕಲ್ಲಿನ ನಡುವಿನಿಂದ ಬಿಳಿ ಚೂರುಗಳು ಚಿಮ್ಮಿದವು.

ಖೈಬರ್ ಬಹಳ ಹೊತ್ತು ಕೋವಿಯನ್ನು ಭುಜದಿಂದ ಇಳಿಸಲಿಲ್ಲ. ಇಳಿಸಿದಾಗ ಅವನ ಗಡ್ಡ ಒದ್ದೆಯಾಗಿತ್ತು. ಗುಲಂದಾಮ್ ತಲೆಯ ಬಟ್ಟೆ ಕಿತ್ತು, ನರೆತ ಜಡೆ ಬಿಚ್ಚಿ, ಗಂಡನ ಹೆಸರು ಹಿಡಿದು ಶೋಕದ ಹಾಡು ಎತ್ತಿದಳು. ಹೆಂಗಸರ ದನಿಗಳು ಅದಕ್ಕೆ ಸೇರಿಕೊಂಡವು.

ನಕ್ಕಿದ್ದವನೇ ಮೊದಲು ಮುಂದೆ ಬಂದ. ಗೂದರ್ಜ್ ಸರಿಮಾಡಿಕೊಟ್ಟಿದ್ದ ಹೆಗಲ ಕೋವಿ ಇಳಿಸಿ ಅದೇ ಕಲ್ಲಿಗೆ ಹೊಡೆದ, ಕಲ್ಲು ಸಿಡಿಯಿತು. ಅವನ ಹಿಂದೆ ಇನ್ನೊಬ್ಬ. ಅವನ ಹಿಂದೆ ನುಸ್ರತ್. ಮೇಲೂರಿನವರು, ಹೊಳೆಯಾಚೆಯವರು, ಮುದುಕರು ಎಲ್ಲ ಗೋರಿಯ ಪಕ್ಕದಲ್ಲಿ ಸಾಲುಗಟ್ಟಿದರು. ಯಾರೊಬ್ಬರದೂ ತಪ್ಪಲಿಲ್ಲ. ಸಾಲು ಅರ್ಧ ಕರಗುವಷ್ಟರಲ್ಲಿ ಹಳ್ಳದ ಆಚೆ ಕಲ್ಲೇ ಇರಲಿಲ್ಲ. ಕಪ್ಪು ಇಳಿಜಾರಿನಲ್ಲಿ ಹಿಟ್ಟು ಚೆಲ್ಲಿದಂಥ ಒಂದು ಬಿಳಿ ಗುರುತಿತ್ತು. ಉಳಿದವರು ಒಬ್ಬೊಬ್ಬರಾಗಿ ಮೊಣಕಾಲೂರಿ ಅದಕ್ಕೇ ಗುರಿಯಿಟ್ಟರು.