ವಾಲ್ಪರೈಸೊದ ಜೂನ್ ತಿಂಗಳು

ಹದಿನೆಂಟು ವರ್ಷ ಶಂಕರಪ್ಪ ಆ ಊರಿನ ಹೆಸರನ್ನು ರಟ್ಟಿನ ಪೆಟ್ಟಿಗೆಗಳ ಮೇಲೆ ಬಳಿದಿದ್ದ. ಅಕ್ಷರ ಕೊರೆದ ತಗಡು ಇಟ್ಟು ಕಪ್ಪು ಬಣ್ಣ ಸವರಿದರೆ ‘ವಾಲ್ಪರೈಸೊ’ ಎಂದು ಮೂಡುತ್ತಿತ್ತು. ದೆಹಲಿಯ ಓಖ್ಲಾದ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಹಾಲಿಗೆ ಅವನೇ ಮೇಸ್ತ್ರಿ. ಲಾರಿ ಗೇಟು ದಾಟಿದ ಮೇಲೆ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಯಾರಿದ್ದಾರೆ ಎಂದು ಅವನು ಒಂದು ದಿನವೂ ತಲೆ ಕೆಡಿಸಿಕೊಂಡವನಲ್ಲ.

ಈಗ ಆ ಊರು ಅವನ ಕಣ್ಣೆದುರಿಗೇ ಇತ್ತು. ಎರಡು ಸಾವಿರದ ಎಂಟರ ಜನವರಿ, ಬೆಳಗಿನ ಹೊತ್ತು. ಹಡಗಿನ ಹತ್ತನೇ ಅಂತಸ್ತಿನ ಕಟಾಂಜನ ಹಿಡಿದು ಅವನು ಬಾಯಿ ಬಿಟ್ಟುಕೊಂಡು ನಿಂತಿದ್ದ. ಸಮುದ್ರದ ಅಂಚಿನಿಂದಲೇ ಬೆಟ್ಟಗಳು ಎದ್ದಿದ್ದವು. ಬೆಟ್ಟದ ತುಂಬ ಮನೆಗಳು. ನವರಾತ್ರಿಗೆ ಗೊಂಬೆ ಕೂರಿಸಿದ ಹಾಗೆ ಒಂದರ ತಲೆಯ ಮೇಲೆ ಒಂದು, ಹಳದಿ, ನೀಲಿ, ಕುಂಕುಮದ ಕೆಂಪು. ಕೆಳಗೆ ಧಕ್ಕೆಯಲ್ಲಿ ಜಿರಾಫೆಯಂಥ ಕ್ರೇನುಗಳು ಲಾರಿಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಬೆಂಕಿಪೊಟ್ಟಣದಂತೆ ಎತ್ತಿ ಇಡುತ್ತಿದ್ದವು.

“ಇಷ್ಟು ದೊಡ್ಡ ಊರಾ!” ಎಂದ. ಬೈಗುಳದಷ್ಟೇ ಜೋರಾಗಿತ್ತು ಆ ಮಾತು.

“ಮೆಲ್ಲಗೆ ರೀ. ಎಲ್ಲರೂ ನೋಡ್ತಾರೆ,” ಎಂದಳು ಹೆಂಡತಿ ದೇವಕಿ.

ಗಂಡ ಹೆಂಡತಿ ಹಡಗು ಹತ್ತಿದ್ದು ಮಗಳ ದೆಸೆಯಿಂದ. ದೆಹಲಿಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಅನನ್ಯಾ ಆ ಹಡಗಿನ ರಿಸೆಪ್ಷನ್ನಿನಲ್ಲಿದ್ದಳು. ಕೆಲಸಗಾರರ ತಂದೆ ತಾಯಿಗೆ ವರ್ಷಕ್ಕೊಂದು ಸಲ ಕಡಿಮೆ ದರದಲ್ಲಿ ಜಾಗ ಸಿಗುತ್ತಿತ್ತು. ದೆಹಲಿಯ ಮಂಜಿನಲ್ಲಿ ಮಂಕಿಕ್ಯಾಪು, ಎರಡೆರಡು ಸ್ವೆಟರು ಹಾಕಿಕೊಂಡು ವಿಮಾನ ಹತ್ತಿದವರು ಹಡಗು ಹಿಡಿಯಲು ಬ್ಯೂನಸ್ ಐರಿಸ್‌ನಲ್ಲಿ ಇಳಿದಾಗ ಬೆವತು ತೊಪ್ಪೆಯಾಗಿದ್ದರು. ಮದ್ರಾಸಿನ ಹಾಗೆ ಇದೂ ವರ್ಷವಿಡೀ ಸೆಕೆಯ ಸೀಮೆ ಎಂದು ಶಂಕರಪ್ಪ ಆಗಲೇ ತೀರ್ಮಾನಿಸಿಬಿಟ್ಟಿದ್ದ. ನಡುವೆ ಹಡಗು ಭೂಮಿಯ ದಕ್ಷಿಣ ತುದಿ ಸುತ್ತುವಾಗ ಎರಡು ದಿನ ಚಳಿ ಕೊರೆದಿತ್ತು. ಅದು ಹಿಮಬೆಟ್ಟದ ಗಾಳಿ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಅವನ ವಾದ.

ಆದರೆ ಒಂದು ವಿಷಯವನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಸೂರ್ಯನಿಗೆ ಮುಖ ಮಾಡಿ ಕೈಮುಗಿಯುವುದು ಅವನಿಗೆ ಚಿಕ್ಕಂದಿನಿಂದ ಬಂದ ರೂಢಿ. ರಾಣೆಬೆನ್ನೂರಿನ ಹೊಲದಲ್ಲಾಗಲಿ ಓಖ್ಲಾದ ಮಹಡಿಯ ಮೇಲಾಗಲಿ, ಹಾಗೆ ನಿಂತವನ ಬಲಗೈ ಕಡೆಗೇ ಸೂರ್ಯ ವಾಲಿಕೊಂಡು ಮೇಲೇರುತ್ತಿದ್ದ. ಹಡಗು ಹತ್ತಿದಾಗಿನಿಂದ ನೋಡುತ್ತಿದ್ದಾನೆ, ಸೂರ್ಯ ಎಡಗೈ ಕಡೆಗೆ ಏರುತ್ತಿದ್ದಾನೆ! ವಯಸ್ಸಾಯಿತು, ತಲೆ ಕೆಟ್ಟಿದೆ ಎಂದುಕೊಂಡು ಸುಮ್ಮನಿದ್ದ.

ಅನನ್ಯಾಗೆ ಮಧ್ಯಾಹ್ನದವರೆಗೆ ಬಿಡುವಿತ್ತು. ಮೂವರೂ ಊರಿಗೆ ಇಳಿದರು. ಬಿಸಿಲು ಚುರುಕಾಗಿತ್ತು. ಧಕ್ಕೆಯ ಗೇಟು ದಾಟುತ್ತಲೇ ಶಂಕರಪ್ಪ ಶರ್ಟಿನ ಎರಡು ಗುಂಡಿ ಬಿಚ್ಚಿಕೊಂಡ.

“ನೋಡಿದೆಯಾ ದೇವಕಿ? ಜನವರಿಯಲ್ಲೇ ಹೀಗೆ ಕಾದಿದೆ. ಜೂನ್‌ನಲ್ಲಿ ಇನ್ನು ಹೆಂಚಿನ ಮೇಲೆ ಕೂತ ಹಾಗಿರುತ್ತೆ. ನಿನ್ನ ತಮ್ಮ ಮಹಾಶಯ ಜೂನ್‌ನಲ್ಲಿ ಇಲ್ಲಿ ಚಳಿಗಾಲ ಅಂದಿದ್ದ!”

ದೇವಕಿಯ ಮುಖ ಬಾಡಿತು. “ಇಲ್ಲಿಗೆ ಬಂದೂ ಅದನ್ನೇ ಎತ್ತಬೇಕಾ?” ಎಂದವಳು ಮುಂದೆ ನಡೆದಳು.

ದೇವಕಿಗೆ ತವರು ಎಂದರೆ ಉಳಿದಿದ್ದವನು ಚಿದಂಬರನೊಬ್ಬನೇ. ಬಿ.ಎ. ಮಾಡಿ ಕೂತಿದ್ದ ಅವನನ್ನು ದೆಹಲಿಗೆ ಕರೆಸಿ ಫ್ಯಾಕ್ಟರಿಯ ಡಿಸ್ಪ್ಯಾಚ್ ಗುಮಾಸ್ತನ ಕೆಲಸಕ್ಕೆ ಸೇರಿಸಿದವನು ಶಂಕರಪ್ಪನೇ. ಆರೂವರೆ ವರ್ಷದ ಹಿಂದಿನ ಒಂದು ಮೇ ತಿಂಗಳಲ್ಲಿ, ದೆಹಲಿ ನಲವತ್ತೈದು ಡಿಗ್ರಿಯಲ್ಲಿ ಬೇಯುತ್ತಿದ್ದಾಗ, ದಪ್ಪ ಅಸ್ತರಿನ ಉಣ್ಣೆ ಜಾಕೀಟು ಆರು ಸಾವಿರ ವಾಲ್ಪರೈಸೊಗೆ ತುರ್ತಾಗಿ ಹೋಗಬೇಕು ಎಂದು ಚೀಟಿ ತಂದಿದ್ದ ಚಿದಂಬರ. ಚೀಟಿ ತಪ್ಪಾಗಿದೆ ಎಂದು ಶಂಕರಪ್ಪ ಪ್ಯಾಕಿಂಗ್ ನಿಲ್ಲಿಸಿದ. “ಭಾವ, ಅಲ್ಲಿ ಜೂನ್‌ಗೇ ಚಳಿಗಾಲ. ಅದು ಭೂಮಿಯ ಆ ಕಡೆ,” ಎಂದ ಚಿದಂಬರ. ಯಾರೋ ಕಿಸಕ್ಕೆಂದರು. ತಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಓದು ಬಿಟ್ಟವನೆಂದು ಬಿ.ಎ. ಮಾಡಿದ ಭಾವಮೈದುನ ನಲವತ್ತು ಜನರೆದುರು ಗೇಲಿ ಮಾಡುತ್ತಿದ್ದಾನೆ ಎನಿಸಿತು ಶಂಕರಪ್ಪನಿಗೆ. ಕಪಾಳಕ್ಕೆ ಬಾರಿಸಿದ. ಮಾಲೀಕರು ಬಂದು ಮಾಲು ಕಳಿಸಿದರು, ಜಗಳ ಮುಗಿಯಲಿಲ್ಲ. ಚಿದಂಬರ ಅಂದೇ ಕೆಲಸ ಬಿಟ್ಟು ಕರೋಲ್ ಬಾಗಿನ ಹೋಟೆಲೊಂದಕ್ಕೆ ಸೇರಿಕೊಂಡ. ಆಮೇಲೆ ಭಾವನ ಮನೆಯ ಹೊಸ್ತಿಲು ತುಳಿಯಲಿಲ್ಲ. ಗೌರಿ ಹಬ್ಬಕ್ಕೆ ದೇವಕಿ ಬಾಗಿನದ ಮೊರ ಎದುರಿಗಿಟ್ಟುಕೊಂಡು ಕಾಯುವುದನ್ನೂ ಬಿಟ್ಟಿದ್ದಳು.

ಅವರು ಹಳಿಯ ಮೇಲೆ ಬೆಟ್ಟ ಹತ್ತುವ ಮರದ ಡಬ್ಬಿಯೊಳಗೆ ಕೂತರು. ಒಂದು ಡಬ್ಬಿ ಮೇಲೆ ಹೋದರೆ ಇನ್ನೊಂದು ಕೆಳಗೆ ಇಳಿಯುತ್ತಿತ್ತು. ದೇವಕಿ ಕಣ್ಣು ಮುಚ್ಚಿಕೊಂಡಳು. ಶಂಕರಪ್ಪ ಮಾತ್ರ ಎಂಟು ವರ್ಷದ ಹುಡುಗನಂತೆ ಕಿಟಕಿಗೆ ಮೂಗು ಒತ್ತಿದ್ದ. ಬಂದರು ಕಾಲ ಕೆಳಗೆ ಇಳಿಯುತ್ತಾ ಹೋಯಿತು. ಅವರ ಹಡಗು ಅಂಗೈಯಗಲವಾಯಿತು. ಅದರಾಚೆಗೆ ನೀರು, ನೀರು, ಕೊನೆಯೇ ಇಲ್ಲದ ನೀರು. ಇಷ್ಟು ನೀರು ದಾಟಿ ನನ್ನ ಪೆಟ್ಟಿಗೆಗಳು ಬಂದವಲ್ಲ ಎಂದು ಮೊದಲ ಬಾರಿಗೆ ಅವನಿಗೆ ಹೊಳೆಯಿತು.

ಮೇಲೆ, ಬಣ್ಣದ ಗೋಡೆಗಳ ಓಣಿಯಲ್ಲಿ, ಮುದುಕಿಯೊಬ್ಬಳು ಹಳೆ ಬಟ್ಟೆ ಹರವಿಕೊಂಡು ಕೂತಿದ್ದಳು. ಸುಮ್ಮನೆ ದಾಟಿ ಹೋಗುತ್ತಿದ್ದ ಶಂಕರಪ್ಪ ಗಕ್ಕನೆ ನಿಂತ. ರಾಶಿಯಿಂದ ಒಂದು ದಪ್ಪ ಉಣ್ಣೆ ಜಾಕೀಟು ಎಳೆದು ಒಳಜೇಬನ್ನು ಹೊರಕ್ಕೆ ಮಗುಚಿದ. ಜೇಬಿನ ಬುಡದಲ್ಲಿ ಕೆಂಪು ದಾರದ ಮೂರು ಗೆರೆ ಹೊಲಿಗೆ ಇತ್ತು. ಯಾವ ಸಾಲಿನ ದರ್ಜಿಗಳು ಹೊಲಿದರು ಎಂದು ಗೊತ್ತಾಗಲು ಅವನ ಫ್ಯಾಕ್ಟರಿಯಲ್ಲಿ ಹಾಕುತ್ತಿದ್ದ ಗುರುತು ಅದು. ಮೂರನೇ ಸಾಲು.

“ನಮ್ಮದು! ಇದು ನಮ್ಮ ಓಖ್ಲಾದ್ದು! ನನ್ನ ಕೈಯಿಂದ ಹೋದದ್ದು!” ಎಂದು ಕೂಗಿದ. ಮುದುಕಿ ಬೆದರಿದಳು.

ಅನನ್ಯಾ ಹಡಗಿನಲ್ಲಿ ಕಲಿತ ಹರುಕು ಸ್ಪ್ಯಾನಿಷ್‌ನಲ್ಲಿ ವಿವರಿಸಿದಳು. ಮುದುಕಿ ನಕ್ಕಳು. ಜಾಕೀಟಿನ ಸವೆದ ಮೊಣಕೈ ತೋರಿಸಿ, ಎರಡೂ ತೋಳು ಮೈಗೆ ಬಿಗಿದು, ಹಲ್ಲು ಕಟಕಟ ಕಡಿದು ನಡುಗಿ ತೋರಿಸಿದಳು. ಬಾಯಿಂದ ಹೊಗೆ ಬಿಡುವಂತೆ ಊದಿದಳು.

“ಏನಂತೆ?”

“ಅಪ್ಪಾ, ಇದು ಇವರ ಹಸ್ಬೆಂಡ್‌ದು. ಫಿಶಿಂಗ್ ಬೋಟಲ್ಲಿ ಹೋಗ್ತಿದ್ರಂತೆ. ಜೂನ್ ಜುಲೈಲಿ ಇಲ್ಲಿ ಬಹುತ್ ಥಂಡ್. ಆರು ವರ್ಷ ಇದನ್ನೇ ಹಾಕಿದ್ರು, ಇದಿಲ್ದೆ ಸಮುದ್ರಕ್ಕೆ ಹೋಗ್ತಾನೇ ಇರ್ಲಿಲ್ಲ ಅಂತಿದಾರೆ.”

“ಜೂನ್‌ನಲ್ಲಾ?”

“ಹಾಂ ಅಪ್ಪಾ. ಇಲ್ಲಿ ಎಲ್ಲ ಉಲ್ಟಾ ನಾ. ನಮಗೆ ಚಳಿ ಆದ್ರೆ ಇವರಿಗೆ ಗರ್ಮಿ. ಸೂರಜ್ ಕೂಡ ನಾರ್ತ್ ಕಡೆಯಿಂದ ಹೋಗ್ತಾನೆ.”

ಶಂಕರಪ್ಪ ತಲೆಯೆತ್ತಿದ. ಸೂರ್ಯ ಎಡಗೈ ಕಡೆಗೆ ಏರುತ್ತಿದ್ದುದು ಇದಕ್ಕೇ. ಅವನ ತಲೆ ಕೆಟ್ಟಿರಲಿಲ್ಲ. ದೆಹಲಿ ಮಂಜಿನಲ್ಲಿ ನಡುಗುವಾಗ ಇಲ್ಲಿನವರು ಬೆವರುತ್ತಾರೆ. ಓಖ್ಲಾದಲ್ಲಿ ತಗಡಿನ ಸೂರು ಕಾದು ಜನ ಬವಳಿ ಬಂದು ಬೀಳುವಾಗ ಇಲ್ಲೊಬ್ಬ ಬೆಸ್ತ, ಆ ಸೂರಿನಡಿ ಹೊಲಿದ ಉಣ್ಣೆಯನ್ನು ತೊಟ್ಟು ದೋಣಿ ನೂಕುತ್ತಾನೆ. ಇಷ್ಟು ದೊಡ್ಡ ಭೂಮಿ, ಎಷ್ಟು ಸದ್ದಿಲ್ಲದೆ ಇದನ್ನೆಲ್ಲ ನಡೆಸಿಕೊಂಡು ಬಂದಿದೆ! ಅವನು ಓಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟ.

“ಅವನು ಗೇಲಿ ಮಾಡಿರಲಿಲ್ಲ,” ಎಂದ.

ದೇವಕಿ ಅವನ ಪಕ್ಕ ಬಂದು ಕೂತಳು.

“ಲೇ, ಅವನ ನಂಬರ್ ಇದೆಯಾ ನಿನ್ನ ಹತ್ತಿರ?”

ಅವಳು ತಡವರಿಸದೆ ಹತ್ತೂ ಅಂಕಿ ಒಪ್ಪಿಸಿದಳು. ಕದ್ದು ಫೋನು ಮಾಡುತ್ತಿದ್ದಳೆಂದು ಆಗ ಗೊತ್ತಾಯಿತು. ಬೇರೆ ದಿನವಾಗಿದ್ದರೆ ಆ ಓಣಿ ಅದುರುತ್ತಿತ್ತು.

ಕೆಳಗಿನ ಬೀದಿಯಲ್ಲಿ ವಿದೇಶಕ್ಕೆ ಫೋನು ಮಾಡುವ ಅಂಗಡಿಯಿತ್ತು. ಅನನ್ಯಾ ನಂಬರ್ ಒತ್ತಿ ಗಾಜಿನ ಗೂಡಿನೊಳಗೆ ನಿಂತ ಅಪ್ಪನಿಗೆ ರಿಸೀವರ್ ಕೊಟ್ಟಳು. ದೆಹಲಿಯಲ್ಲಿ ಆಗ ರಾತ್ರಿ ಎಂಟು ಗಂಟೆ.

“ಹಾಂ ಜೀ, ಬೋಲಿಯೇ.”

“ಚಿದಂಬರ, ನಾನು ಕಣೋ. ವಾಲ್ಪರೈಸೊದಲ್ಲಿದ್ದೀನಿ. ಇಲ್ಲಿ ಜೂನ್‌ನಲ್ಲಿ ಚಳಿಯಂತೆ.”



“ಇದನ್ನ ಹೇಳೋಕೆ ಅಷ್ಟು ದೂರ ಹೋದ್ರಾ ಭಾವ?”

“ಹೂಂ. ಇಲ್ಲಿಗೆ ಬರದೆ ನನಗೆ ತಿಳೀತಿರಲಿಲ್ಲ. ತಪ್ಪು ನಂದು. ನಿನ್ನ ಮೇಲೆ ಕೈ ಮಾಡಬಾರದಿತ್ತು.”

“ಭಾವ, ನೀವು ಹೊಡೆದದ್ದು ನಲವತ್ತು ಜನರ ಎದುರಿಗೆ. ತಪ್ಪು ಅಂತಿರೋದು ಫೋನಿನೊಳಗೆ.”

ಶಂಕರಪ್ಪನ ಕಿವಿ ಬಿಸಿಯಾಯಿತು. ಎಷ್ಟು ಕೊಬ್ಬು ಎಂದು ಬಾಯಿಗೆ ಬಂದಿತ್ತು. ಗಾಜಿನಾಚೆ ದೇವಕಿ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಅವಳ ಹಿಂದೆ ಬೆಟ್ಟ, ಬೆಟ್ಟದ ಮೇಲೆ ಆ ಲೆಕ್ಕವಿಲ್ಲದ ಮನೆಗಳು. ಸಿಟ್ಟು ಏರಿದಷ್ಟೇ ಬೇಗ ಇಳಿಯಿತು. ಅಷ್ಟು ದೊಡ್ಡದರ ಎದುರು ಅದಕ್ಕೆ ಕಾಲೂರಲು ಜಾಗವಿರಲಿಲ್ಲ.

“ಫೆಬ್ರವರಿ ಹನ್ನೊಂದು, ಸೋಮವಾರ. ಊಟದ ಗಂಟೆಗೆ ಪ್ಯಾಕಿಂಗ್ ಹಾಲಿಗೆ ಬಾ. ಎಲ್ಲರೂ ಅಲ್ಲೇ ಇರ್ತಾರೆ. ಅವರೆದುರಿಗೇ ಹೇಳ್ತೀನಿ. ಹಿಂದಿಯಲ್ಲಿ.”

“ನಿಮ್ಮ ಹಿಂದೀಲಾ?” ಚಿದಂಬರ ನಕ್ಕುಬಿಟ್ಟ. “ಬರ್ತೀನಿ ಭಾವ. ರಜ ಹಾಕಿ ಬರ್ತೀನಿ. ಅಕ್ಕನಿಗೆ ಕೊಡಿ.”

ಶಂಕರಪ್ಪ ಗೂಡಿನ ಬಾಗಿಲು ತಳ್ಳಿ, ರಿಸೀವರನ್ನು ದೇವಕಿಯ ಕೈಗೆ ಕೊಟ್ಟು, ಬೀದಿಗೆ ಹೋಗಿ ನಿಂತುಕೊಂಡ.