ಉಪ್ಪಾದ ತೀರ್ಥ

‘ತೀರ್ಥ ಉಪ್ಪಾಗ್ಯದ’ ಅಂತ ಅಂಬಾಬಾಯಿ ಮೊದಲ ಸಲ ಅಂದಾಗ ಸೊಸಿ ಇಂದೂ ಬಾಯಿಗೆ ಸೆರಗು ಹಿಡಕೊಂಡು ನಕ್ಕಳು. ನಗಲಾರದ ಏನು ಮಾಡ್ಯಾಳು ಪಾಪ? ಹಿಂದಿನ ದಿನಾನ ಅತ್ತಿ, ನಾಕಾರು ಬಿಡಾರ ಕೂಡಿದ್ದ ಅವರ ವಾಡೇದ ನೀರಿನ ಹೌದಿನ ಮುಂದ ನಿಂತು, ಧಾರವಾಡಕ್ಕ ಹೋಗೋ ಟಾಂಗಾ ಇನ್ನೂ ಯಾಕ ಬಂದಿಲ್ಲ ಅಂತ ನೀರು ತುಂಬೋ ಹೆಂಗಸರ ಜೋಡಿ ಜಗಳಾ ತಗದಿದ್ದರು. ಧಾರವಾಡ ಬಿಟ್ಟು ಪುಣೆಯ ನಾರಾಯಣ ಪೇಟಿಗೆ ಬಂದು ಒಂದು ಜಮಾನಾ ಆಗಿತ್ತು. ಮರವು ಅಂದ್ರ ಎಂಥಾ ಮರವು! ಉಂಡದ್ದು ಮರೀತಿದ್ದರು, ಗಂಡ ಸತ್ತದ್ದು ಮರೀತಿದ್ದರು, ನೆನಪಾದಾಗ ಮತ್ತ ಹೊಸದಾಗಿ ಅಳತಿದ್ದರು. ಅಂಥವರು ತೀರ್ಥದ ರುಚಿ ಹೇಳಿದ್ರ ಯಾರು ನಂಬತಾರ?

ಸಂಜಿ ಆತಂದ್ರ ಅವರ ಕಾಲು ಮನ್ಯಾಗ ನಿಲ್ಲತಿದ್ದಿಲ್ಲ. ಊರಿಗೆ ಹೊಂಟೆ ಅಂತ ಬಾಗಲಾ ತಗದು ನಡದೇ ಬಿಡತಿದ್ದರು. ಮಗ ಬಿಂದುಮಾಧವ ಲಷ್ಕರದ ಕಚೇರ್ಯಾಗ ಗೋರಾ ಸಾಹೇಬನ ಕೈಕೆಳಗ ಕಾರಕೂನ, ಬರೂದು ಹೊತ್ತಾಗತಿತ್ತು. ಹಿಡದು ತರೋ ಕೆಲಸ ಇಂದೂಂದು. ಕಡೀಗೆ ಪೇಟಿ ಡಾಕ್ಟರು ಬ್ರೋಮೈಡ್ ಅಂತ ಒಂದು ಔಷಧ ಕೊಟ್ಟರು. ಬಾಟ್ಲಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿತ್ತು. ದಿನಕ್ಕ ಒಂದು ಹಲ್ಲಿನಷ್ಟು ಮಾತ್ರ. ‘ಕಾಳಜಿ ಕರೂ ನಕಾ’ ಅಂತ ಧೈರ್ಯ ಹೇಳಿ ಕಳಿಸಿದರು.

ಮೊದಲನೇ ದಿನಾನ ಅಂಬಾಬಾಯಿ ಅದನ್ನ ಇಂದೂನ ಸೀರಿ ಮ್ಯಾಲೆ ಉಗುಳಿ, ‘ನನಗ ವಿಷಾ ಹಾಕ್ತಾಳ ಇಕಿ!’ ಅಂತ ಇಡೀ ವಾಡೇಕ್ಕ ಕೇಳೂಹಂಗ ಒದರಿದರು. ಇಂದೂ ಒಲಿ ಮುಂದ ಕೂತು ಮನಸಾರ ಅತ್ತಳು. ಅತ್ತು ಮುಗಿಸಿ ಒಂದು ಉಪಾಯ ಹುಡುಕಿದಳು. ಔಷಧ ಉಪ್ಪುಪ್ಪು, ಮಜ್ಜಿಗಿಯೊಳಗ ಸುರುವಿದ್ರ ಯಾರಪ್ಪಗ ತಿಳೀಬೇಕು? ಗಂಡಗ ಮಾತ್ರ ಹೇಳಲಿಲ್ಲ. ನಿಮ್ಮ ತಾಯಿಗೆ ದಿನಾ ಮೋಸ ಮಾಡತೇನಿ ಅಂತ ಯಾವ ಬಾಯಿಲೆ ಹೇಳೂದು!

ಮೊದಮೊದಲ ಛಲೋ ನಿದ್ದಿ ಬಂತು. ಆಮ್ಯಾಲೆ ನಿದ್ದಿ ಬಿಟ್ರ ಬ್ಯಾರೆ ಏನೂ ಉಳೀಲಿಲ್ಲ. ಅಂಬಾಬಾಯಿ ಹಗಲೆಲ್ಲಾ ತೂಕಡಿಸಲಿಕ್ಕೆ ಹತ್ತಿದರು. ನಾಲಿಗಿ ತೊದಲಿತು. ಇಂದೂ ಅನ್ನೋ ಹೆಸರೊಂದು ಗಟ್ಯಾಗಿ ಉಳದಿತ್ತು, ಅದೂ ಹೋತು. ‘ಯಾರ ಮಗಳವಾ ನೀ?’ ಅಂತ ಕೇಳಿದಾಗ ಇಂದೂಗ ಎದಿಯೊಳಗ ಕಲ್ಲಿಟ್ಟಂಗಾತು. ತವರುಮನಿ ಇಲ್ಲದ ಹುಡುಗಿಗೆ ತಲಿ ಹಿಕ್ಕಿ ಜಡಿ ಹಾಕಿದ ಅತ್ತಿ ಅವರು. ಒಂದಿನ ಎದ್ದೇಳದ ಹೋಗಿಬಿಟ್ಟರ?

‘ಅವ್ವಂದು ಭಾಳ ಹೆಚ್ಚಾಗ್ಯದ’ ಅಂದ ಬಿಂದುಮಾಧವ. ‘ಡಾಕ್ಟರಿಗೆ ಹೇಳಿ ಔಷಧ ಇನ್ನಷ್ಟು ಹೆಚ್ಚು ಮಾಡಸ್ತೇನಿ.’

ಹಂಗಿರಬೇಕಾದ್ರ ಏಕಾದಶಿ ಬಂತು. ಎಲ್ಲಾ ಮರತರೂ ಅಂಬಾಬಾಯಿ ಏಕಾದಶಿ ಅಂದಕೂಡಲೆ ಬಾಯಿ ಬಿಗಿ ಹಿಡಿಯೋರು. ಒಂದು ಗುಟುಕು ನೀರೂ ಇಲ್ಲ. ಮಜ್ಜಿಗಿ ಇಲ್ಲಂದಮ್ಯಾಲೆ ಔಷಧಾನೂ ಇಲ್ಲ. ಇವತ್ತರ ಅತ್ತಿ ಕಣ್ಣು ತಗದು ನೋಡ್ತಾರ ಅಂತ ಇಂದೂಗ ಆಸೆ. ಮುಂಜಾನೆ ಬಿಂದುಮಾಧವ ಪೂಜಿ ಮುಗಿಸಿ ತಾಯಿಗೆ ತೀರ್ಥ ಕೊಟ್ಟ. ದಿನಾ ಒಂದರ ಹಿಂದ ಒಂದು ಮೂರು ಸಲ ಕೈಗೆ ಹಾಕೂದು, ಏಕಾದಶಿಗೆ ಒಂದ ಸಲ. ಅದು ಅವರ ಮನಿ ಪದ್ಧತಿ. ಅಂಬಾಬಾಯಿ ಮುಖಾ ಕಿವಿಚಿದರು. ‘ಉಪ್ಪು! ಇವತ್ತಂತೂ ಬಾಯಾಗ ಇಡೂಹಂಗಿಲ್ಲ.’

ಮಧ್ಯಾಹ್ನದೊಳಗ ಅವರ ಕುತ್ತಿಗಿ ಎದಿ ಮ್ಯಾಲೆ ಬಿತ್ತು. ಎಬ್ಬಿಸಿ ನಡಸಲಿಕ್ಕೆ ಹೋದ್ರ ಹೊಸ್ತಲದಾಗ ಎಡವಿದರು. ಅಯ್ಯ ರಾಮಾ, ನಾ ಇವತ್ತ ಹನಿ ಔಷಧ ಹಾಕಿಲ್ಲಲ್ಲಾ! ಇಂದೂ ಗಾಬರಿಯಾಗಿ ನಿಂತಳು. ಇವತ್ತ ಅತ್ತಿ ಬಾಯಿಗೆ ಹೋದದ್ದು ತೀರ್ಥ ಒಂದ.

ತೀರ್ಥ ಯಾರಿಗೂ ಲೆಕ್ಕಕ್ಕ ಬರೂದಿಲ್ಲ ನೋಡ್ರಿ. ಅದು ಊಟಾನೂ ಅಲ್ಲ, ಔಷಧಾನೂ ಅಲ್ಲ. ಇಂದೂ ದೇವರ ಮುಂದ ಹೋದಳು. ಎಲ್ಲಾರ ತೀರ್ಥದ ಪಾತ್ರಿ ಬ್ಯಾರೆ ಇತ್ತು, ಸಾಲಿಗ್ರಾಮ ಇಡೋ ಸಂಪುಟದ ಬಾಜೂಕ ಸಣ್ಣದೊಂದು ಬೆಳ್ಳಿ ಬಟ್ಟಲಾ ಬ್ಯಾರೆ ಇತ್ತು. ಬೆರಳು ಅದ್ದಿ ನಾಲಿಗಿಗೆ ಹಚ್ಚಿಕೊಂಡಳು. ಮಜ್ಜಿಗಿಗೆ ಹಾಕೋ ಮುಂದ ತಾನ ನೆಕ್ಕಿ ನೋಡಿದ ಅದ ರುಚಿ. ಸಂಪುಟದ ಹಿಂದ ಹಲ್ಲುಪಟ್ಟಿ ಅಂಟಿಸಿದ ಇನ್ನೊಂದು ಬಾಟ್ಲಿ ನಿಂತಿತ್ತು.

ಗಂಡ ಬಂದು ಟೊಪಗಿ ತಗಿಯೂದ ತಡಾ, ಬಾಟ್ಲಿ ಅವನ ಮುಂದ ಹಿಡದಳು. ‘ಏನ್ರೀ ಇದು?’

‘ನೀ ಅವತ್ತ ಅಷ್ಟ ಅತ್ತೆಲ್ಲಾ ಇಂದೂ’ ಅಂದ ಅವ, ಕಳ್ಳ ಸಿಕ್ಕಂಗ. ‘ಔಷಧ ಕೊಡೂದು ಬಿಟ್ಟೀ ಅಂತ ತಿಳಕೊಂಡೆ. ಲಷ್ಕರದ ಔಷಧ ಅಂಗಡ್ಯಾಗ ಇನ್ನೊಂದು ಬಾಟ್ಲಿ ತಂದೆ, ನಿನಗ ಮತ್ತ ತ್ರಾಸ ಯಾಕ ಅಂತ ಹೇಳಲಿಲ್ಲ. ಅವ್ವ ತೀರ್ಥಕ್ಕ ಒಲ್ಲೆ ಅನ್ನೂದಿಲ್ಲ. ಇವತ್ತ ಒಂದ ಸಲ ಕೊಡೂದಂತ ಪೂರಾ ಹಲ್ಲು ಅದರಾಗ ಹಾಕಿದೆ.’

‘ನಾ ಬಿಟ್ಟಿದ್ದಿಲ್ರೀ! ದಿನಾ ಮಜ್ಜಿಗ್ಯಾಗ ಹಾಕ್ತಿದ್ದೆ.’

ಅಂದ್ರ ದಿನಾ ಎರಡು ಹಲ್ಲು ಔಷಧ ಹೋಗಿತ್ತು! ಬಿಂದುಮಾಧವ ಟೊಪಗಿ ಇಲ್ಲದ ಡಾಕ್ಟರ ಮನಿಗೆ ಓಡಿದ.

ಡಾಕ್ಟರು ಬಂದು ಕಣ್ಣರೆಪ್ಪಿ ಎತ್ತಿ ನೋಡಿ ಎರಡೂ ಬಾಟ್ಲಿ ಚೀಲದಾಗ ಹಾಕಿಕೊಂಡರು. ಈ ಔಷಧ ಮೈಯಾಗ ಕೂತುಬಿಡತದ, ಮುದಿ ಜೀವಕ್ಕ ಲಗೂನ ಕಳಕೊಳ್ಳಲಿಕ್ಕೆ ಆಗೂದಿಲ್ಲ ಅಂದರು. ಉಪವಾಸದಿಂದ ಇನ್ನೂ ಕೆಡತದ. ಉಪ್ಪು ಹಾಕಿದ ಮಜ್ಜಿಗಿ, ನೀರು ಈಗಿಂದೀಗ ಹೊಟ್ಟಿಗೆ ಹೋಗಬೇಕು. ಮರವು ಪೂರಾ ಹೋಗೂದಿಲ್ಲ, ಜೀವಾ ಮಾತ್ರ ಉಳೀಬಹುದು.

ಆದ್ರ ಅಂಬಾಬಾಯಿ ಬಾಯಿ ಬಿಡಬೇಕಲ್ಲಾ! ಬಟ್ಟಲಾ ತುಟಿಗೆ ಹಿಡದ್ರ ಹಲ್ಲು ಕಚ್ಚಿ, ‘ಏಕಾದಶಿ’ ಅಂತ ತೊದಲಿದರು. ಬಿಂದುಮಾಧವ ಹೆಂಡತಿ ಕಿವ್ಯಾಗ, ‘ತೀರ್ಥ ಅಂತ ಹೇಳಿ ಕೊಡೋಣೇನು?’ ಅಂದ.

‘ಸಾಕ್ರಿ. ಮತ್ತ ಸುಳ್ಳು ಹೇಳಬ್ಯಾಡ್ರಿ’ ಅಂದಳು ಇಂದೂ. ಅತ್ತಿ ಎರಡೂ ಕೈ ಹಿಡಕೊಂಡಳು. ‘ಅತ್ಯಾರ, ನಿಮ್ಮ ತೀರ್ಥದಾಗ ನಾವು ಔಷಧ ಬೆರಸಿದ್ವಿರಿ. ಮಜ್ಜಿಗ್ಯಾಗೂ ಬೆರಸಿದ್ವಿ. ನಮ್ಮದು ತಪ್ಪಾತು. ಈಗ ಈ ಮಜ್ಜಿಗ್ಯಾಗ ಉಪ್ಪು ಬಿಟ್ರ ಏನೂ ಇಲ್ಲ. ಕುಡೀರಿ, ಇಲ್ಲಂದ್ರ ನೀವು ನನಗ ಉಳಿಯೂದಿಲ್ಲ.’

ಅಂಬಾಬಾಯಿ ಭಾರಾದ ಕಣ್ಣು ತಗದರು. ‘ತೀರ್ಥ ಉಪ್ಪಾಗಿತ್ತಲ್ಲಾ?’

‘ಹೌದ್ರಿ. ಉಪ್ಪಾಗಿತ್ತು. ನೀವು ಅಂದದ್ದು ಖರೇ ಇತ್ತು.’

ಮುದುಕಿ ದೊಡ್ಡದೊಂದು ಉಸಿರು ಬಿಟ್ಟು ಬಾಯಿ ತಗದರು.

ಒಂದೆರಡು ವಾರದಾಗ ನಾಲಿಗಿ ಸುದ್ದ ಆತು, ಕಾಲಿಗೆ ಕಸುವು ಬಂತು, ಸಂಜೀ ಮುಂದ ಊರಿಗೆ ಹೋಗೋ ಹಟಾನೂ ಬಂತು. ಇಂದೂ ಈಗ ಅಡ್ಡ ಬರೂದಿಲ್ಲ. ಸೆರಗು ಹೊದ್ದು ಅತ್ತಿ ಕೈ ಹಿಡದು ಓಂಕಾರೇಶ್ವರನ ಗುಡೀ ತನಕಾ ನಡದು, ಧಾರವಾಡ ನೋಡಿದ್ದಾತ್ರಿ, ಇನ್ನ ಮನಿಗೆ ಹೋಗೋಣ ಅಂತಾಳ. ಒಮ್ಮೊಮ್ಮೆ ಒಪ್ಪತಾರ, ಒಮ್ಮೊಮ್ಮೆ ಬೈತಾರ. ಇಂದೂನ ಹೆಸರು ಮಾತ್ರ ತಿರುಗಿ ಬರಲಿಲ್ಲ.

ಬಟ್ಟಲಾ, ಬಾಟ್ಲಿ, ಆ ಏಕಾದಶಿ, ಎಲ್ಲಾ ಮರತಾರ. ಒಂದು ಮಾತ್ರ ಮರತಿಲ್ಲ. ದಿನಾ ಮುಂಜಾನೆ ಮಗ ತೀರ್ಥ ತಂದ್ರ ಅಂಬಾಬಾಯಿ ತಮ್ಮ ಕೈ ಹಿಂದಕ್ಕ ಎಳಕೊಂಡು ಸೊಸಿ ಕಡೆ ಬೆರಳು ಮಾಡ್ತಾರ. ‘ಮೊದಲ ಈ ಹುಡುಗಿಗೆ ಕೊಡೋ. ಇಕಿ ಖರೇ ಹೇಳ್ತಾಳ.’

ಬಿಂದುಮಾಧವ ಕಣ್ಣೊಳಗ ನೀರು ತಂದುಕೊಂಡು ಹೆಂಡತಿ ಅಂಗೈಗೆ ತೀರ್ಥ ಹಾಕ್ತಾನ. ಇಂದೂ ಕುಡದು, ‘ಉಪ್ಪಿಲ್ರೀ ಅತ್ಯಾರ’ ಅಂತಾಳ. ಆಮ್ಯಾಲೆ ಅಂಬಾಬಾಯಿ ಕೈ ಮುಂದ ಮಾಡ್ತಾರ.