ಫೋನಕ್ಕನ ಕೈ

ದೇಶಕ್ಕೆಲ್ಲ ಆ ಜ್ವರ ಬಂದು ಹೋಗಿ ಎಷ್ಟೋ ವರ್ಷವಾಯಿತು. ಜ್ವರ ಹೋಯಿತು, ಅದು ತಂದ ಕಾಯಿದೆ ಹೋಗಲಿಲ್ಲ. ಮದುವೆ ಮುಗಿದ ಮೇಲೂ ಚಪ್ಪರ ಬಿಚ್ಚದ ಮನೆಯ ಹಾಗೆ ಆಸ್ಪತ್ರೆಗಳು ಬಾಗಿಲು ಹಾಕಿಕೊಂಡೇ ಉಳಿದವು. ರೋಗಿ ಒಳಗೆ, ಮನೆಯವರು ಹೊರಗೆ. ಮೊದಮೊದಲು ಜನ ಗೇಟಿನ ಮುಂದೆ ಗಲಾಟೆ ಮಾಡಿದರು, ಅತ್ತರು, ಕಾಲಿಗೆ ಬಿದ್ದರು. ಆಮೇಲೆ ಒಗ್ಗಿಕೊಂಡರು. ಯಾವುದಕ್ಕೆ ತಾನೇ ಒಗ್ಗುವುದಿಲ್ಲ ಈ ಹಾಳು ಮನುಷ್ಯಜಾತಿ!

ಹಾಗೆ ಹುಟ್ಟಿಕೊಂಡ ಕೆಲಸ ಅವಳದು. ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಮನೆಯವರಿಗೆ ಫೋನ್ ಮಾಡಿ, ರೋಗಿಯ ಕಿವಿಗೆ ಹಿಡಿಯುವುದು. ವಾರ್ಡಿನಲ್ಲಿ ಎಲ್ಲರಿಗೂ ಅವಳು ಫೋನಕ್ಕ. ಮೈ ಮುಚ್ಚುವ ಬಿಳಿ ಗೌನು, ಒಂದರ ಮೇಲೊಂದು ಮಾಸ್ಕು, ಕೈಗೆ ರಬ್ಬರ್ ಗ್ಲೌಸು. ಹೆತ್ತವಳಿಗೂ ಗುರುತು ಸಿಗದ ವೇಷ ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಕೆಲವೊಮ್ಮೆ ಲೈನ್ ಸಿಗುತ್ತಿರಲಿಲ್ಲ. ಸಿಕ್ಕರೂ ಆ ಕಡೆಯವರು ಎತ್ತುತ್ತಿರಲಿಲ್ಲ. ಸಾಯುವ ಜೀವಕ್ಕೆ ಅದನ್ನೆಲ್ಲ ಹೇಳಲಾದೀತೇ? ಆಗ ಫೋನಕ್ಕ ಬಗ್ಗಿ, "ಅಮ್ಮಾ, ನಾನೇ, ನಿನ್ನ ಮಗಳು ಬಂದಿದೀನಿ" ಎಂದುಬಿಡುತ್ತಿದ್ದಳು. ಮಂಕಾದ ಕಣ್ಣುಗಳು ನಂಬಿ ಮುಚ್ಚಿಕೊಳ್ಳುತ್ತಿದ್ದವು. ಎಲ್ಲ ಫೋನಕ್ಕಂದಿರೂ ಕಲಿತ ವಿದ್ಯೆ ಅದು.

ಒಮ್ಮೆ ಊಟಕ್ಕೆ ಕೂತಾಗ ಇದನ್ನು ತನ್ನ ಅಮ್ಮನಿಗೂ ಹೇಳಿದ್ದಳು. ಅಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು, "ಊರೋರ ಅಮ್ಮಂದಿರಿಗೆಲ್ಲ ಮಗಳಾದೆ ಬಿಡು. ಪುಣ್ಯದ ಸುಳ್ಳು ಕಣೇ" ಎಂದಿದ್ದಳು. ಆಮೇಲೆ ಅವಳ ಕೈ ಹಿಡಿದು, "ಥೂ, ಮಂಜುಗಡ್ಡೆ! ಹುಟ್ಟಿದಾಗಿಂದ ಇದೇ ತಣ್ಣನೆ ಕೈ" ಎಂದು ಬಯ್ಯುತ್ತಾ ಉಜ್ಜಿದ್ದಳು.

ಅದೇ ಅಮ್ಮ ಈಗ ಪಕ್ಕದ ವಾರ್ಡಿನಲ್ಲಿ ಉಸಿರಿಗೆ ಒದ್ದಾಡುತ್ತಿದ್ದಳು. ಸ್ವಂತದವರ ಹಾಸಿಗೆಯ ಹತ್ತಿರ ಫೋನಕ್ಕಂದಿರೂ ಸುಳಿಯಬಾರದೆಂಬುದು ನಿಯಮ. ಅತ್ತುಕೊಂಡು ಕೂತರೆ ಕೆಲಸ ಕೆಡುತ್ತದಂತೆ! ಆ ವಾರ್ಡಿನ ಫೋನಕ್ಕನಿಂದ ಸುದ್ದಿ ಕೇಳಿಕೊಂಡು, ಗೋಡೆಯ ಈಚೆ ಇವಳು ಹಲ್ಲುಕಚ್ಚಿ ದುಡಿಯುತ್ತಿದ್ದಳು. ಇವತ್ತು ಆ ಹೆಂಗಸೇ ಓಡಿಬಂದಳು.

"ಸಂಜೆ ತನಕ ಉಳಿಯೋದು ಕಷ್ಟ ಅಂತಾರೆ ಡಾಕ್ಟ್ರು. ನೀನು ಆ ಕಡೆ ಹೋಗು, ನಿನ್ನ ವಾರ್ಡು ನಾನು ನೋಡ್ಕೋತೀನಿ. ಕೆಲಸ ಹೋದ್ರೆ ಇಬ್ಬರದೂ ಹೋಗ್ಲಿ."

ಅವಳಿಗೆ ಇದ್ದದ್ದು ಒಂದೇ ಆಸೆ. ಮಗಳು ಬಂದಳೆಂದು ತಿಳಿದು ಅಮ್ಮ ಕಣ್ಣು ಮುಚ್ಚಬೇಕು.

ಆಸ್ಪತ್ರೆಗೆ ಸೇರಿಸಿಕೊಂಡ ದಿನವೇ ಅಮ್ಮನ ಕನ್ನಡಕವನ್ನು ಚೀಲದ ಜೊತೆ ತೆಗೆದಿಟ್ಟಿದ್ದರು. ಕಿವಿ ಮೊದಲೇ ಮಂದ. ಪಕ್ಕದಲ್ಲಿ ಬಂದು ನಿಂತ ಬಿಳಿ ಗೌನನ್ನು ಕಂಡು ಅಮ್ಮ, "ಫೋನಕ್ಕನಾ? ನನ್ನ ಮಗಳಿಗೆ ಒಂದು ಫೋನ್ ಮಾಡಿಕೊಡ್ತೀಯಾ ತಾಯಿ?" ಎಂದಳು.

"ಅಮ್ಮಾ, ನಾನೇ, ನಿನ್ನ ಮಗಳು ಬಂದಿದೀನಿ."

ಬೇರೆ ಮಾತು ನಾಲಿಗೆಗೆ ಬರಲಿಲ್ಲ. ಅದೇ ಮಾತು, ವರ್ಷಗಟ್ಟಲೆ ಯಾರ್ಯಾರಿಗೋ ಹೇಳಿ ಸವೆದ ಅದೇ ದನಿ.

ಅಮ್ಮ ನಕ್ಕಳು. "ಲೈನ್ ಸಿಗ್ಲಿಲ್ವಾ? ಇರ್ಲಿ ಬಿಡು."

"ಅಯ್ಯೋ ಇಲ್ಲಮ್ಮಾ! ನಿನ್ನಾಣೆಗೂ ನಾನೇ ಕಣಮ್ಮ!" ಎಂದು ಅವಳು ಮಾಸ್ಕುಗಳನ್ನು ಕೆಳಗೆಳೆದಳು. ಕನ್ನಡಕವಿಲ್ಲದ ಕಣ್ಣಿಗೆ ಅದೂ ಬರೀ ಮಸುಕು. ಆಗ ಕೈ ನೆನಪಾಯಿತು. ಗ್ಲೌಸು ಕಿತ್ತೆಸೆದು ಬರಿಗೈಯನ್ನು ಅಮ್ಮನ ಅಂಗೈಯಲ್ಲಿಟ್ಟಳು. ಅಮ್ಮನ ಬೆರಳುಗಳು ಅದನ್ನು ನಿಧಾನವಾಗಿ ತಡವಿದವು.

"ಬೆಚ್ಚಗಿದೆ. ನನ್ನ ಮಗಳ ಕೈ ಯಾವಾಗ್ಲೂ ತಣ್ಣಗಿರುತ್ತೆ ಕಣಮ್ಮ."

ಬೆಳಗಿನಿಂದ ರಬ್ಬರಿನೊಳಗೆ ಬೆವೆತ ಕೈ ಅದು, ಬೆಚ್ಚಗಿರದೆ ಇನ್ನೇನು? ಅವಳು ಹುಚ್ಚಿಯ ಹಾಗೆ ಎರಡೂ ಕೈಗಳನ್ನು ಮಂಚದ ಕಬ್ಬಿಣದ ಸರಳಿಗೆ ಒತ್ತಿ ಹಿಡಿದಳು. ಬೇಗ ಆರಲಿ, ಬೇಗ ಆರಲಿ ಎಂದು ಗೊಣಗಿದಳು.

"ನನ್ನ ಮಗಳೂ ನಿನ್ನ ಹಾಗೇ ಹೇಳ್ತಾಳಂತೆ," ಅಮ್ಮ ತಡೆತಡೆದು ಅಂದಳು. "ಇವತ್ತು ಯಾರಮ್ಮನ ಹತ್ರ ಇದಾಳೋ... ಆ ತಾಯಿಗಾದ್ರೂ ಸಮಾಧಾನ ಆಗ್ಲಿ."

ಸರಳು ಬಿಟ್ಟು ಅವಳು ಮತ್ತೆ ಆ ಅಂಗೈ ಹಿಡಿದಾಗ ಇಬ್ಬರ ಕೈಗಳೂ ತಣ್ಣಗಿದ್ದವು.